ಥರ್ಮೋಸ್ಟಾಟ್ ಬದಲಾಯಿಸಿದ ಮೇಲೂ ಗಾಡಿ ಹೀಟ್ ಆಗುತ್ತಿದೆಯೇ? ಮೊದಲು ಗಾಳಿ ತೆಗೆಸಿ

ಮಾನ್ಯ ಸಂಪಾದಕರೇ,

ಬೇಸಿಗೆ ಶುರುವಾಯಿತೆಂದರೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಒಂದೇ ಮಾತು ಕೇಳಿಸುತ್ತದೆ. "ಅಣ್ಣಾ, ಥರ್ಮೋಸ್ಟಾಟ್ ಹೊಸದು ಹಾಕ್ಸಿದೀವಿ, ಆದ್ರೂ ಹೀಟ್ ಆಗ್ತಿದೆ." ನಾನು ಸಕಲೇಶಪುರದಲ್ಲಿ ಕಾರು ರಿಪೇರಿ ಕೆಲಸ ಮಾಡುವವನು. ಮಂಗಳೂರು ಕಡೆಯಿಂದ ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತಿ ಬರುವ ಗಾಡಿಗಳು ಮೊದಲು ಉಸಿರು ಬಿಡುವುದೇ ನಮ್ಮ ಊರಲ್ಲಿ. ಊರೊಳಗೆ ಓಡಾಡುವಾಗ ಗೊತ್ತೇ ಆಗದ ದೋಷ ಘಾಟಿಯಲ್ಲಿ ಹೊರಗೆ ಬೀಳುತ್ತದೆ. ಬಾನೆಟ್ ಎತ್ತಿಕೊಂಡು ರಸ್ತೆ ಪಕ್ಕ ನಿಂತ ಕಾರು, ಒಳಗೆ ಬೆವರುತ್ತಿರುವ ಮಕ್ಕಳು, ಪಕ್ಕದಲ್ಲೇ ಹಾರ್ನ್ ಹೊಡೆದುಕೊಂಡು ಹೋಗುವ ಟ್ಯಾಂಕರ್ ಲಾರಿಗಳು. ಇದನ್ನು ನೋಡಿ ನೋಡಿ ಈ ಪತ್ರ ಬರೆಯಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಹಾಕಿ.

ಹೇಳಬೇಕಾದ್ದು ಇಷ್ಟೇ. ಥರ್ಮೋಸ್ಟಾಟ್ ಬದಲಾಯಿಸಿದ ತಕ್ಷಣ ಗಾಡಿ ಹೀಟ್ ಆಗತೊಡಗಿದರೆ, ಮೊದಲ ಅನುಮಾನ ಆಗ ತಾನೇ ಮಾಡಿದ ಕೆಲಸದ ಮೇಲೆ ಇರಬೇಕು. ಅದರಲ್ಲೂ ಇಂಜಿನ್ ತಂಪು ಮಾಡುವ ನೀರಿನ ದಾರಿಯೊಳಗೆ ಸಿಕ್ಕಿಕೊಂಡ ಗಾಳಿಯ ಮೇಲೆ. ಆದರೆ ಆಗುವುದು ಬೇರೆ. ಒಬ್ಬರು ನೀರು ಸುತ್ತಿಸುವ ವಾಟರ್ ಪಂಪ್ ಬದಲಾಯಿಸುತ್ತಾರೆ, ಇನ್ನೊಬ್ಬರು ಆ ನೀರು ತಣ್ಣಗಾಗಿಸುವ ರೇಡಿಯೇಟರ್ ಬದಲಾಯಿಸುತ್ತಾರೆ, ಮೂರನೆಯವರು "ಈ ಥರ್ಮೋಸ್ಟಾಟೇ ಬೇಡ ಸರ್, ನಮ್ಮ ಕಡೆ ಬಿಸಿಲಿಗೆ ಇದ್ಯಾಕೆ" ಅಂತ ಕಿತ್ತು ಬಿಸಾಕಿ ನಲ್ಲಿ ನೀರು ತುಂಬಿ ಕಳಿಸುತ್ತಾರೆ. ದುಡ್ಡು ಹೋಗುತ್ತದೆ, ದೋಷ ಅಲ್ಲೇ ಇರುತ್ತದೆ.

ಥರ್ಮೋಸ್ಟಾಟ್ ಅಂದರೆ ಏನು ಅಂತ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹೆಬ್ಬೆರಳಿನಷ್ಟು ಒಂದು ಲೋಹದ ಬಟ್ಟಲು, ಅದರೊಳಗೆ ಮೇಣ. ನೀರು ಬಿಸಿಯಾದಾಗ ಮೇಣ ಕರಗಿ ಉಬ್ಬುತ್ತದೆ, ಒಂದು ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ಆಗ ಇಂಜಿನ್ನಿನ ಬಿಸಿ ನೀರು ರೇಡಿಯೇಟರಿಗೆ ಹೋಗುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಅದನ್ನು ಮತ್ತೆ ಮುಚ್ಚುತ್ತದೆ. ನಮ್ಮಲ್ಲಿ ಓಡುವ ಬಹಳ ಕಾರುಗಳಲ್ಲಿ ಇದು 82ರಿಂದ 88 ಡಿಗ್ರಿಗೆ ತೆರೆಯಲು ಶುರುಮಾಡುತ್ತದೆ, ಪೂರ್ತಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. ಡಿಗ್ರಿ ಎಷ್ಟೆಂದು ಅದರ ಮೇಲೇ ಕೆತ್ತಿರುತ್ತದೆ. ಕರೆಂಟಿಲ್ಲ, ಕಂಪ್ಯೂಟರಿಲ್ಲ. ಇಷ್ಟು ಸರಳವಾದ ಸಾಮಾನು ಇದು. ಸಣ್ಣ ಕಾರುಗಳಿಗೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇದನ್ನು ತಪ್ಪಾಗಿ ಹಾಕಿದರೆ, ಅಥವಾ ಹಾಕಿದ ಮೇಲೆ ಗಾಳಿ ಸರಿಯಾಗಿ ತೆಗೆಯದಿದ್ದರೆ ಹೋಗುವುದು ಮಾತ್ರ ಇಂಜಿನ್ನಿನ ಮೇಲ್ಭಾಗದ ಇಡೀ ಹೆಡ್.

ಒಂದು ಗಾಡಿಯ ವಿಷಯ ಹೇಳುತ್ತೇನೆ. ಕರಾವಳಿ ಕಡೆಯ ಒಂದು ಕುಟುಂಬ, ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹಿಂದಿನ ದಿನವಷ್ಟೇ ಅವರ ಊರಲ್ಲಿ ಥರ್ಮೋಸ್ಟಾಟ್ ಬದಲಾಯಿಸಿದ್ದರು. ಊರೊಳಗೆ ಏನೂ ತೊಂದರೆ ಇರಲಿಲ್ಲ. ಘಾಟಿ ಅರ್ಧ ಹತ್ತುವಷ್ಟರಲ್ಲಿ ಇಂಜಿನ್ ಬಿಸಿ ತೋರಿಸುವ ಸೂಜಿ ಏಕ್‌ದಂ ಮೇಲೆ ಹೋಯಿತು, ನಿಲ್ಲಿಸಿದರು, ಸೂಜಿ ಇಳಿಯಿತು, ಹೊರಟರು, ಮತ್ತೆ ಏರಿತು. ಹೀಗೇ ನಿಂತು ನಿಂತು ನಮ್ಮಲ್ಲಿಗೆ ಬಂದರು. ಆ ಯಜಮಾನರು ಬಂದವರೇ "ರೇಡಿಯೇಟರ್ ಹೋಗಿರ್ಬೇಕು ಅಲ್ವಾ, ಹೊಸದು ಎಷ್ಟಾಗುತ್ತೆ?" ಅಂದರು. ಅವರಿಗೆ ಯಾರೋ ಫೋನಿನಲ್ಲೇ ಹಾಗೆ ಹೇಳಿದ್ದರು.

ನಾನು ರೇಡಿಯೇಟರ್ ಮುಟ್ಟಲಿಲ್ಲ. ಇಂಜಿನ್ ಚಾಲೂ ಇದ್ದ ಹಾಗೇ ಒಳಗೆ ಕೂತು ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಹಾಕಿದೆ. ಸೂಜಿ ಮುಕ್ಕಾಲು ಭಾಗದಲ್ಲಿದೆ, ಬಾನೆಟ್ ಮುಟ್ಟಿದರೆ ಸುಡುತ್ತದೆ, ಆದರೆ ಹೀಟರಿನಿಂದ ಬರುತ್ತಿದ್ದದ್ದು ತಣ್ಣನೆ ಗಾಳಿ. ಬಿಸಿ ನೀರು ಹೀಟರ್ ಪೈಪಿಗೆ ಬರುತ್ತಲೇ ಇಲ್ಲ ಅಂತ ಅರ್ಥ. ರೇಡಿಯೇಟರಿನ ಕೆಳಗಿನ ಹೋಸ್ (ರಬ್ಬರ್ ಪೈಪು) ಹತ್ತಿರ ಕೈ ಹಿಡಿದು ನೋಡಿದರೆ ಅದೂ ಬೆಚ್ಚಗಷ್ಟೇ ಇತ್ತು. ಡ್ಯಾಶ್‌ಬೋರ್ಡಿನ ಒಳಗೆ ನೀರು ಅಲ್ಲಾಡುವ ಗುಳುಗುಳು ಶಬ್ದ ಬೇರೆ. "ನಿನ್ನೆ ಕೂಲೆಂಟ್ ಎಷ್ಟು ಲೀಟರ್ ಹಾಕಿದ್ರು ಸರ್?" ಅಂತ ಕೇಳಿದೆ. ಕೂಲೆಂಟ್ ಅಂದರೆ ಇಂಜಿನ್ ತಂಪು ಮಾಡಲು ನೀರಿನ ಜೊತೆ ಬೆರೆಸುವ ದ್ರವ. ಬಿಲ್ ತೆಗೆದು ನೋಡಿದರು. ಆ ಗಾಡಿ ಹಿಡಿಯುವುದಕ್ಕಿಂತ ಒಂದು ಲೀಟರಿಗೂ ಜಾಸ್ತಿ ಕಡಿಮೆ ಹಾಕಿದ್ದರು. ಉಳಿದ ಜಾಗದಲ್ಲಿ ಇದ್ದದ್ದು ಬರೀ ಗಾಳಿ.

ಇಂಜಿನ್ ಪೂರ್ತಿ ಆರುವ ತನಕ ಕಾದು, ಗಾಡಿಯ ಮೂತಿ ಮೇಲಿರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ರೇಡಿಯೇಟರಿನ ಬಾಯಿಗೆ ಆಲಿಕೆ ಇಟ್ಟು ನಿಧಾನವಾಗಿ ಕೂಲೆಂಟ್ ಹುಯ್ಯುತ್ತಾ ಹೋದೆವು. ಹೀಟರ್ ಪೂರ್ತಿ ಬಿಸಿಯಲ್ಲೇ ಇರಬೇಕು. ಮೇಲಿನ ಹೋಸನ್ನು ಕೈಯಿಂದ ಹಿಂಡಿ ಹಿಂಡಿ ಬಿಟ್ಟರೆ ಗುಳ್ಳೆಗಳು ಬುಳುಬುಳು ಬರುತ್ತವೆ, ಮಟ್ಟ ಇಳಿಯುತ್ತದೆ, ಮತ್ತೆ ಹುಯ್ಯಬೇಕು. ಆಮೇಲೆ ಇಂಜಿನ್ ಚಾಲೂ ಮಾಡಿ ಹಾಗೇ ಬಿಟ್ಟೆವು. ಥರ್ಮೋಸ್ಟಾಟ್ ತೆರೆದ ಕ್ಷಣ ಗೊತ್ತಾಗುತ್ತದೆ. ಆಲಿಕೆಯಲ್ಲಿದ್ದ ನೀರು ಒಮ್ಮೆಲೇ ಗುಳುಕ್ಕನೆ ಒಳಗೆ ಎಳೆದುಕೊಳ್ಳುತ್ತದೆ, ಕೆಳಗಿನ ಹೋಸ್ ಬಿಸಿಯಾಗತೊಡಗುತ್ತದೆ, ಹೀಟರಿನಿಂದ ಬಿಸಿ ಗಾಳಿ ಬರುತ್ತದೆ. ಫ್ಯಾನ್ ಎರಡು ಸಲ ಚಾಲೂ ಆಗಿ ನಿಲ್ಲುವ ತನಕ ಬಿಟ್ಟು, ಆರಿಸಿ, ಮತ್ತೆ ಮಟ್ಟ ನೋಡಿ ತುಂಬಿ ಮುಚ್ಚಳ ಹಾಕಿದೆವು. ಅವರು ಅದೇ ಗಾಡಿಯಲ್ಲಿ ಹಾಸನ ದಾಟಿ ಬೆಂಗಳೂರು ಮುಟ್ಟಿದರು. ಹೊಸ ರೇಡಿಯೇಟರ್ ಬೇಕಾಗಲಿಲ್ಲ.

ಎಲ್ಲ ಗಾಡಿಗೂ ಈ ಕ್ರಮ ಅಕ್ಷರಶಃ ಹೊಂದುವುದಿಲ್ಲ. ಕೆಲವು ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇಲ್ಲ, ಪ್ರೆಶರ್ ಇರುವ ಬಿಳಿ ಡಬ್ಬಿಯಲ್ಲೇ ತುಂಬಬೇಕು. ಕೆಲವಕ್ಕೆ ಗಾಳಿ ಬಿಡಲು ಪೈಪಿನ ಮೇಲೆ ಒಂದು ಸ್ಕ್ರೂ ಕೊಟ್ಟಿರುತ್ತಾರೆ. ಗುಳ್ಳೆ ನಿಂತು ಬರೀ ನೀರು ಧಾರೆಯಾಗಿ ಬರುವ ತನಕ ಅದನ್ನು ಸಡಿಲ ಬಿಟ್ಟು ಆಮೇಲೆ ಬಿಗಿ ಮಾಡಬೇಕು. ಆ ಸ್ಕ್ರೂ ಇದೆ ಅಂತಲೇ ಗೊತ್ತಿಲ್ಲದೆ ಕೆಲಸ ಮುಗಿಸುವವರು ಇದ್ದಾರೆ. ಥರ್ಮೋಸ್ಟಾಟಿನ ಅಂಚಿನಲ್ಲೇ ಒಂದು ಸಣ್ಣ ತೂತು, ಅದರಲ್ಲಿ ಅಲ್ಲಾಡುವ ಪಿನ್ ಇರುತ್ತದೆ, ನೋಡಿರಬಹುದು. ಗಾಳಿ ದಾಟಿ ಹೋಗಲಿ ಅಂತಲೇ ಅದನ್ನು ಕೊಟ್ಟಿರುವುದು. ಗಾಳಿ ಯಾವಾಗಲೂ ಮೇಲಕ್ಕೇ ಹೋಗುವುದರಿಂದ ಆ ತೂತು ಮೇಲ್ಗಡೆ ಬರುವ ಹಾಗೆ ಕೂರಿಸಬೇಕು. ಕೆಳಗೆ ತಿರುಗಿಸಿ ಹಾಕಿದರೆ ಗಾಳಿ ಥರ್ಮೋಸ್ಟಾಟಿನ ಹಿಂದೆಯೇ ಕೂತುಬಿಡುತ್ತದೆ, ಮೇಣದ ಬಟ್ಟಲಿಗೆ ನೀರು ತಾಗುವುದಿಲ್ಲ, ಬಾಗಿಲು ಸಮಯಕ್ಕೆ ತೆರೆಯುವುದಿಲ್ಲ.

ಹಿಂದುಮುಂದಾಗಿ ಹಾಕುವುದೂ ಇದೆ. ಸ್ಪ್ರಿಂಗ್ ಮತ್ತು ಮೇಣದ ಬಟ್ಟಲು ಇರುವ ಭಾಗ ಇಂಜಿನ್ ಕಡೆಗೆ ಇರಬೇಕು. ಬಿಸಿ ಗೊತ್ತಾಗಬೇಕಾದ್ದು ಅದಕ್ಕೇ ತಾನೇ? ರೇಡಿಯೇಟರ್ ಕಡೆಗೆ ತಿರುಗಿಸಿ ಹಾಕಿದರೆ ಅದು ತಣ್ಣೀರಿನಲ್ಲಿ ಕೂತಿರುತ್ತದೆ. ಇಂಜಿನ್ ಕುದಿಯುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಬೇರೆ ಮಾಡೆಲ್‌ನದ್ದನ್ನು "ಸೈಜ್ ಕೂತ್ಕೊಳ್ತು" ಅಂತ ಹಾಕುವುದು, ಡಿಗ್ರಿ ನೋಡದೆ ಹಾಕುವುದು, ರಬ್ಬರ್ ರಿಂಗ್ ಮಡಚಿಕೊಂಡದ್ದನ್ನು ಗಮನಿಸದೆ ಬೋಲ್ಟ್ ಬಿಗಿ ಮಾಡುವುದು, ಇವೂ ಇವೆ. ಪಕ್ಕದಲ್ಲೇ ಇರುವ ಟೆಂಪರೇಚರ್ ಸೆನ್ಸರಿನ ಕನೆಕ್ಟರ್ ತೆಗೆದಿಟ್ಟು ಮತ್ತೆ ಹಾಕಲು ಮರೆತ ಗಾಡಿಗಳನ್ನೂ ನೋಡಿದ್ದೇನೆ.

ಹೊಸ ಥರ್ಮೋಸ್ಟಾಟೇ ಕೆಟ್ಟದ್ದು ಬರಬಹುದಲ್ವಾ ಅಂತ ಕೇಳುತ್ತೀರಿ. ಬರಬಹುದು. ಕಡಿಮೆ ರೇಟಿನ ನಕಲಿ ಮಾಲು ಎಲ್ಲ ಕಡೆ ಇದೆ. ಆದರೆ ಹಾಕುವ ಮೊದಲೇ ಪರೀಕ್ಷೆ ಮಾಡಿಬಿಡಬಹುದು. ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದ ಹಾಗೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದರೆ ಎಷ್ಟಕ್ಕೆ ತೆರೆಯುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ಅಡುಗೆ ಪಾತ್ರೆ ಮಾತ್ರ ಬೇಡ, ಇದಕ್ಕೇ ಒಂದು ಹಳೇ ಡಬ್ಬಿ ಇಟ್ಟುಕೊಳ್ಳಿ. ಇಲ್ಲಿ ಒಂದು ವಿಷಯ ಗಮನಿಸಬೇಕು. ನೀರು 100 ಡಿಗ್ರಿಗೆ ಕುದಿಯುವುದು ಮಂಗಳೂರಿನಲ್ಲಿ, ಸಮುದ್ರ ಮಟ್ಟದಲ್ಲಿ. ನಮ್ಮ ಸಕಲೇಶಪುರ, ಬೆಂಗಳೂರಿನ ಎತ್ತರದಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ರ ಹತ್ತಿರ. ಹಾಗಾಗಿ 88 ಡಿಗ್ರಿಯ ಥರ್ಮೋಸ್ಟಾಟ್ ನಮ್ಮ ಪಾತ್ರೆಯಲ್ಲಿ ಪೂರ್ತಿ ತೆರೆಯದೇ ಇರಬಹುದು. ಅದಕ್ಕೇ ಅದು ಹಾಳು ಅಂತ ಎಸೆಯಬೇಡಿ. ತೆರೆಯಲು ಶುರುಮಾಡಿದ್ದು ಎಷ್ಟು ಡಿಗ್ರಿಗೆ ಅಂತ ನೋಡಿ, ಅಷ್ಟು ಸಾಕು.

ಗಾಳಿ ತೆಗೆದಾಯಿತು, ಥರ್ಮೋಸ್ಟಾಟ್ ಸರಿಯಾಗಿ ಕೂತಿದೆ, ಆದರೂ ಹೀಟ್ ಆಗುತ್ತಿದೆ ಅಂದರೆ ಆಗ ಕೇಳಬೇಕಾದ ಪ್ರಶ್ನೆ: ಯಾವಾಗ ಹೀಟ್ ಆಗುತ್ತದೆ? ಇದೊಂದಕ್ಕೆ ಗ್ರಾಹಕರು ಸರಿಯಾಗಿ ಉತ್ತರ ಕೊಟ್ಟರೆ ನಮ್ಮ ಅರ್ಧ ಕೆಲಸ ಮುಗಿಯಿತು. ಟ್ರಾಫಿಕ್ಕಿನಲ್ಲಿ ನಿಂತಾಗ ಹೀಟ್ ಆಗಿ, ಹೈವೇಯಲ್ಲಿ ಓಡಿದ ಕೂಡಲೇ ಸರಿಹೋದರೆ ಫ್ಯಾನ್ ನೋಡಬೇಕು. ಓಡುವಾಗ ಎದುರು ಗಾಳಿ ಸಾಕಾಗುತ್ತದೆ, ನಿಂತಾಗ ಫ್ಯಾನೇ ಗತಿ. ಫ್ಯೂಸ್, ರಿಲೇ, ಕನೆಕ್ಟರ್ ನೋಡಿ. ಎ.ಸಿ. ಹಾಕಿದರೆ ಬಹುತೇಕ ಕಾರುಗಳಲ್ಲಿ ಫ್ಯಾನ್ ತಿರುಗಲೇಬೇಕು. ಎ.ಸಿ.ಗೆ ತಿರುಗುತ್ತದೆ, ಬಿಸಿಗೆ ತಿರುಗುವುದಿಲ್ಲ ಅಂದರೆ ಮೋಟಾರ್ ಚೆನ್ನಾಗಿದೆ, ಸೆನ್ಸರ್ ಅಥವಾ ಸ್ವಿಚ್ ಕಡೆ ನೋಡಬೇಕು. ಫ್ಯಾನ್ ತಿರುಗಿದರೆ ಸಾಲದು, ಯಾವ ಕಡೆಗೆ ತಿರುಗುತ್ತಿದೆ ಅಂತಲೂ ನೋಡಿ. ಫ್ಯಾನ್ ರೇಡಿಯೇಟರಿನ ಹಿಂದೆ ಇರುವ ಗಾಡಿಯಲ್ಲಿ, ನಿಮ್ಮ ಪತ್ರಿಕೆಯದ್ದೇ ಒಂದು ಹಾಳೆಯನ್ನು ಮುಂದಿನ ಗ್ರಿಲ್ಲಿಗೆ ಹಿಡಿದರೆ ಅದು ಅಂಟಿಕೊಂಡು ನಿಲ್ಲಬೇಕು. ದೂರ ಹಾರಿದರೆ ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ.

ಇದಕ್ಕೆ ತದ್ವಿರುದ್ಧ, ಊರೊಳಗೆ ಸರಿ ಇದ್ದು ಹೈವೇಯಲ್ಲಿ ಸ್ಪೀಡಾಗಿ ಹೋದಾಗ ಅಥವಾ ಘಾಟಿ ಹತ್ತುವಾಗ ಏರಿದರೆ ನೀರಿನ ಹರಿವೇ ಸಾಲುತ್ತಿಲ್ಲ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ವಾಟರ್ ಪಂಪಿನ ರೆಕ್ಕೆಗಳು ಸವೆದಿರಬಹುದು, ಬೆಲ್ಟ್ ಸಡಿಲ ಇರಬಹುದು. ಆಕ್ಸಿಲರೇಟರ್ ಕೊಟ್ಟಾಗ ಕೆಳಗಿನ ಹೋಸ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾದರೆ ರೇಡಿಯೇಟರ್ ಕಟ್ಟಿದೆ ಅಥವಾ ಹೋಸ್ ಮೆತ್ತಗಾಗಿದೆ ಅಂತ ತಿಳಿಯಿರಿ. ಕೋವಿಡ್ ಸಮಯದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇತ್ತಲ್ಲ, ಅದೇ ತತ್ವದ, ಜಾಸ್ತಿ ಬಿಸಿ ಅಳೆಯುವ ಗನ್ ಸಿಗುತ್ತದೆ. ಅದನ್ನು ರೇಡಿಯೇಟರಿನ ಉದ್ದಗಲಕ್ಕೂ ಹಿಡಿದು ನೋಡಿದರೆ ಎಲ್ಲಿ ನೀರು ಹರಿಯುತ್ತಿಲ್ಲವೋ ಆ ಜಾಗ ಮಾತ್ರ ತಣ್ಣಗೆ ಕಾಣುತ್ತದೆ. ಒಳಗೆ ಸರಿ ಇದ್ದರೂ ಹೊರಗೆ ಮುಚ್ಚಿರುವುದುಂಟು. ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಧೂಳು, ಹುಳ, ಒಣಹುಲ್ಲು ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ, ಎದುರಿಂದ ನೋಡಿದರೆ ಕಾಣುವುದೇ ಇಲ್ಲ. ಹಳ್ಳಿ ರಸ್ತೆಯಲ್ಲಿ ಕಣದ ಮೇಲೆ ಓಡಾಡಿದ ಗಾಡಿಗಳಲ್ಲಿ ಇದು ಜಾಸ್ತಿ.

ಮುಚ್ಚಳದ ವಿಷಯ ಬಿಡುವ ಹಾಗಿಲ್ಲ. ರೇಡಿಯೇಟರ್ ಮುಚ್ಚಳ ಸುಮ್ನೆ ಮುಚ್ಚಲು ಇರುವುದಲ್ಲ. ಅದರ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ ನೋಡಿ, ಅದು ಒಳಗೆ ಹಿಡಿದಿಡುವ ಒತ್ತಡ. 0.9 ಬಾರ್ ಒತ್ತಡದಲ್ಲಿ ಬರೀ ನೀರು ಕೂಡ ಹೆಚ್ಚುಕಮ್ಮಿ 118 ಡಿಗ್ರಿ ತನಕ ಕುದಿಯುವುದಿಲ್ಲ. ಅರ್ಧಕ್ಕರ್ಧ ಕೂಲೆಂಟ್ ಇದ್ದರೆ ಇನ್ನೂ ಮೇಲೆ. ಈಗ ಆ ಮುಚ್ಚಳದ ರಬ್ಬರ್ ಹರಿದು ಒತ್ತಡ ನಿಲ್ಲದೆ ಹೋಯಿತು ಅನ್ನಿ. ನಮ್ಮ ಎತ್ತರದಲ್ಲಿ ಬರೀ ನೀರು ತುಂಬಿದ ಗಾಡಿ 97ಕ್ಕೇ ಕುದಿಯತೊಡಗುತ್ತದೆ. ಇಂಜಿನ್ ಸರಿಯಾಗಿದ್ದಾಗಲೂ ಓಡುವುದು 90ರಿಂದ 100ರ ಆಸುಪಾಸಿನಲ್ಲೇ. ಅಂದರೆ ಏನೂ ದೋಷವಿಲ್ಲದ ಇಂಜಿನ್ ಬರೀ ಒಂದು ಮುಚ್ಚಳದಿಂದ ಕುದಿದು ನೀರು ಉಗುಳುತ್ತದೆ. ಹೀಗೆ ನೀರು ಕಡಿಮೆಯಾಗಿ ಆ ಜಾಗಕ್ಕೆ ಗಾಳಿ ಬರುತ್ತದೆ. ಮತ್ತೆ ಅದೇ ಕತೆ. ಥರ್ಮೋಸ್ಟಾಟ್ ಹಾಕಿಸುವಾಗ ಮುಚ್ಚಳವನ್ನೂ ಬದಲಾಯಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಅದರ ಕೆಳಗಿನ ಇಂಜಿನ್ ಭಾಗಕ್ಕೂ ನಡುವೆ ಕೂರುವ ತೆಳು ಹಾಳೆ. ಥರ್ಮೋಸ್ಟಾಟ್ ಬದಲಾಯಿಸಿದ್ದು ಯಾಕೆ? ಗಾಡಿ ಹೀಟ್ ಆಗುತ್ತಿತ್ತು ಅಂತ. ಹಳೇದು ಮುಚ್ಚಿಕೊಂಡೇ ಸಿಕ್ಕಿಬಿದ್ದಿದ್ದರೆ, ಆ ಹೀಟಿಗೆ ಅಲ್ಯೂಮಿನಿಯಂ ಹೆಡ್ ಬೆಂಡ್ ಆಗಿ ಗ್ಯಾಸ್ಕೆಟ್ ಆಗಲೇ ಹೋಗಿರಬಹುದು. ಅಥವಾ ಮೊದಲಿಂದಲೂ ಗ್ಯಾಸ್ಕೆಟ್ಟೇ ಕಾರಣ ಇದ್ದು, ಥರ್ಮೋಸ್ಟಾಟ್ ಅನ್ಯಾಯವಾಗಿ ಬಲಿಯಾಗಿರಬಹುದು. ಗಾಳಿ ಸಿಕ್ಕಿಕೊಂಡದ್ದಕ್ಕೂ ಗ್ಯಾಸ್ಕೆಟ್ ಹೋದದ್ದಕ್ಕೂ ಲಕ್ಷಣ ಹತ್ತಿರ ಹತ್ತಿರ ಒಂದೇ ಇರುವುದರಿಂದ ಇಲ್ಲಿ ತಾಳ್ಮೆ ಬೇಕು. ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಸ್ವಲ್ಪ ಹೊತ್ತು ಬಂದು ನಿಲ್ಲುತ್ತವೆ. ಗ್ಯಾಸ್ಕೆಟ್ ಹೋಗಿದ್ದರೆ ಗುಳ್ಳೆ ನಿಲ್ಲುವುದೇ ಇಲ್ಲ, ಆಕ್ಸಿಲರೇಟರ್ ಕೊಟ್ಟಷ್ಟೂ ಜಾಸ್ತಿಯಾಗುತ್ತದೆ, ಯಾಕೆಂದರೆ ಬರುತ್ತಿರುವುದು ಸಿಲಿಂಡರಿನೊಳಗಿನ ಹೊಗೆ. ಬೆಳಗ್ಗೆ ತಣ್ಣಗಿರುವ ಇಂಜಿನ್ ಚಾಲೂ ಮಾಡಿ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಅದೂ ಇದರ ಗುರುತು. ನೀರು ಬಿಸಿಯಾಗುವ ಮೊದಲೇ ಅಷ್ಟು ಒತ್ತಡ ಬೇರೆಲ್ಲಿಂದಲೂ ಬರುವುದಿಲ್ಲ. ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುವುದು, ಸೈಲೆನ್ಸರಿನಿಂದ ನಿಲ್ಲದೆ ಬಿಳಿ ಹೊಗೆ, ಆಯಿಲ್ ಹಾಲು ಬೆರೆಸಿದ ಹಾಗೆ ಆಗುವುದು ಇವೆಲ್ಲ ಗೊತ್ತಿರುವವೇ. ಆದರೆ ಇವು ಒಂದೂ ಕಾಣದೆ ಗ್ಯಾಸ್ಕೆಟ್ ಹೋಗಿರುವುದೂ ಇದೆ. ಆಗ ಕೆಮಿಕಲ್ ಟೆಸ್ಟ್ ಮಾಡಬೇಕು. ರೇಡಿಯೇಟರಿನ ಬಾಯಿಗೆ ಒಂದು ನಳಿಗೆ ಇಟ್ಟು ಅಲ್ಲಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಹೊಗೆ ಸೇರಿದ್ದರೆ ಪೆಟ್ರೋಲ್ ಗಾಡಿಯಲ್ಲಿ ನೀಲಿ ಹೋಗಿ ಹಳದಿಯಾಗುತ್ತದೆ. ಕೆಲವೇ ನಿಮಿಷದ ಕೆಲಸ. ಇಷ್ಟು ಮಾಡದೆ ಹೆಡ್ ಬಿಚ್ಚುವುದು ಸರಿಯಲ್ಲ. ಬಿಚ್ಚಿದ ಮೇಲೆ ಹೆಡ್ ಸಮತಟ್ಟಾಗಿದೆಯಾ ಅಂತ ಅಳೆಯದೆ ಬರೀ ಗ್ಯಾಸ್ಕೆಟ್ ಹಾಕಿ ಕೂರಿಸುವುದೂ ಸರಿಯಲ್ಲ. ಬಹಳ ಕಾರುಗಳಲ್ಲಿ 0.05 ಮಿ.ಮೀ. ಆಸುಪಾಸಿಗಿಂತ ಜಾಸ್ತಿ ಬಾಗಿದ್ದರೆ ಉಜ್ಜಿ ಸಮ ಮಾಡಿಸಬೇಕು (ಫೇಸಿಂಗ್) ಅಥವಾ ಹೆಡ್ಡೇ ಬದಲಾಯಿಸಬೇಕು.

ಸೂಜಿಯನ್ನು ಪೂರ್ತಿ ನಂಬಬೇಡಿ. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಸೂಜಿಯೇ ಇಲ್ಲ, ತಣ್ಣಗಿದ್ದಾಗ ನೀಲಿ ದೀಪ, ಮಿತಿ ಮೀರಿದಾಗ ಕೆಂಪು ದೀಪ ಅಷ್ಟೇ. ಕೆಂಪು ದೀಪ ಬರುವಷ್ಟರಲ್ಲಿ ತಡವಾಗಿರುತ್ತದೆ. ನನ್ನ ಮಟ್ಟಿಗೆ ಇದು ಕಂಪನಿಗಳು ಮಾಡಿದ ದೊಡ್ಡ ತಪ್ಪು. ಸೂಜಿ ಇದ್ದ ಗಾಡಿಯಲ್ಲೂ, ನೀರು ಪೂರ್ತಿ ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತರೆ ಸೂಜಿ ಕೆಳಗೆ ಇಳಿಯಬಹುದು. ಇಳಿಯಿತಲ್ಲ ಅಂತ ಸಮಾಧಾನದಿಂದ ಓಡಿಸಿ ಇಂಜಿನ್ ಸೀಜ್ ಮಾಡಿಕೊಂಡವರಿದ್ದಾರೆ. 2013ರ ನಂತರದ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟಿಯರಿಂಗ್ ಕೆಳಗೆ, ಗಾಡಿಯ ಕಂಪ್ಯೂಟರಿನಿಂದ ಮಾಹಿತಿ ಓದುವ ಒಂದು ಓಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಹಾಕಿದರೆ ನೀರಿನ ಬಿಸಿ ಎಷ್ಟು ಡಿಗ್ರಿ ಅಂತ ಫೋನಿನಲ್ಲೇ ಕಾಣುತ್ತದೆ. 95ರಿಂದ 100ರ ಆಸುಪಾಸಿಗೆ ಫ್ಯಾನ್ ಬಂದು ಮತ್ತೆ ಇಳಿದರೆ ಸರಿ ಇದೆ. 105 ದಾಟಿಯೂ ಏರುತ್ತಲೇ ಇದ್ದರೆ ನಿಲ್ಲಿಸಿ. ಸೂಜಿ ಏರಿದೆ, ಆದರೆ ಗನ್ನಿನಲ್ಲಿ ನೋಡಿದರೆ ಬಿಸಿ ಮಾಮೂಲಿ ಇದೆ ಅಂದರೆ ಹೀಟೇ ಆಗಿಲ್ಲ, ಸೆನ್ಸರ್ ಅಥವಾ ವೈರಿಂಗ್ ತೊಂದರೆ. ಇದಕ್ಕೂ ಜನ ರೇಡಿಯೇಟರ್ ಬದಲಾಯಿಸಿದ್ದಾರೆ.

ಥರ್ಮೋಸ್ಟಾಟ್ ಕಿತ್ತುಹಾಕುವವರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಸೆಕೆಯ ಊರಿಗೆ ಥರ್ಮೋಸ್ಟಾಟ್ ಬೇಡ ಅನ್ನುವುದು ತಪ್ಪು ತಿಳಿವಳಿಕೆ. ರಾಯಚೂರಿನಲ್ಲಿ ಹೊರಗೆ 44 ಡಿಗ್ರಿ ಇದ್ದರೂ ಇಂಜಿನ್ನಿಗೆ ಬೇಕಾದ್ದು 90ರ ಹತ್ತಿರ. ಥರ್ಮೋಸ್ಟಾಟ್ ಇಲ್ಲದಿದ್ದರೆ ಇಂಜಿನ್ ಬಿಸಿಯಾಗಲು ತುಂಬ ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಹಾಳಾಗುತ್ತದೆ, ಸವೆತ ಜಾಸ್ತಿ. ಕೆಲವು ಇಂಜಿನ್‌ಗಳಲ್ಲಿ ಇನ್ನೂ ಒಂದು ಸಮಸ್ಯೆ ಇದೆ. ಥರ್ಮೋಸ್ಟಾಟ್ ತೆರೆದಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನೇ ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಲ್ಲಲ್ಲೇ ಸುತ್ತುತ್ತದೆ. ತಂಪಾಗಲಿ ಅಂತ ಕಿತ್ತದ್ದಕ್ಕೆ ಘಾಟಿಯಲ್ಲಿ ಇನ್ನೂ ಹೀಟ್ ಆಗುತ್ತದೆ.

ನೀರಿನದ್ದೂ ಅಷ್ಟೇ. ಕೋಲಾರ, ತುಮಕೂರು, ಚಿತ್ರದುರ್ಗ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ, ಸ್ನಾನದ ಬಕೆಟ್ಟಿನಲ್ಲಿ ಕಟ್ಟುವ ಬಿಳಿ ಪದರ ನೋಡಿದರೆ ಸಾಕು. ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲೆಂಟ್ ಬರೀ ಬಣ್ಣದ ನೀರು ಅಂದುಕೊಂಡವರಿದ್ದಾರೆ. ಅದು ತುಕ್ಕು ತಡೆಯುತ್ತದೆ, ಕುದಿಯುವ ಬಿಂದು ಏರಿಸುತ್ತದೆ. ಡಿಸ್ಟಿಲ್ಡ್ ನೀರಿನ ಜೊತೆ ಕಂಪನಿ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಬೇಕು. ಬೇರೆ ಬೇರೆ ಬಗೆಯದ್ದನ್ನು ಒಂದಕ್ಕೊಂದು ಕಲಸಬಾರದು. ಹಳೆಯ ಕೂಲೆಂಟನ್ನು ಚರಂಡಿಗೋ ತೋಟಕ್ಕೋ ಚೆಲ್ಲುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದು ವಿಷ, ರುಚಿ ಸಿಹಿ, ನಾಯಿಗಳು ನೆಕ್ಕಿ ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಿ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ.

ದಾರಿಯಲ್ಲಿ ಹೀಟ್ ಆದರೆ ಏನು ಮಾಡಬೇಕು ಅಂತ ಬಹಳ ಜನ ಕೇಳುತ್ತಾರೆ. ಎ.ಸಿ. ಆರಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಬ್ಲೋವರ್ ಜೋರು ಮಾಡಿ. ಒಳಗೆ ಸೆಕೆಯಾಗುತ್ತದೆ, ಆದರೆ ಅಷ್ಟು ಬಿಸಿ ಇಂಜಿನ್ನಿನಿಂದ ಹೊರಗೆ ಬಂತು. ಸುರಕ್ಷಿತ ಜಾಗ ಸಿಕ್ಕ ಕೂಡಲೇ, ತಿರುವಿನಲ್ಲಿ ಅಲ್ಲ, ನಿಲ್ಲಿಸಿ. ಸೂಜಿ ಕೆಂಪಿಗೆ ಹೋಗಿದ್ದರೆ ಇಂಜಿನ್ ಆರಿಸಿಬಿಡಿ. ಮುಚ್ಚಳ ಮುಟ್ಟಬೇಡಿ. ಬಿಸಿಯಲ್ಲಿ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ, ಬಟ್ಟೆ ಸುತ್ತಿ ತೆಗೆಯುತ್ತೇನೆ ಅಂದವರ ಕೈಯೂ ಸುಟ್ಟಿದೆ. ಕಡಿಮೆ ಅಂದರೂ ಅರ್ಧ ಗಂಟೆ, ಬೇಕಾದರೆ ಇನ್ನೂ ಜಾಸ್ತಿ ಕಾಯಿರಿ. ಕಾದು ಕೆಂಡವಾದ ಇಂಜಿನ್ನಿಗೆ ತೊರೆಯ ತಣ್ಣೀರು ಹುಯ್ದರೆ ಹೆಡ್ ಬಿರುಕು ಬಿಡಬಹುದು. ಹೀಗೆ ಓಡಿಸಿ ಇಂಜಿನ್ ಹಾಳಾದರೆ ವಿಮೆ ಕೊಡುತ್ತದೆ ಅನ್ನುವ ಭರವಸೆಯೂ ಬೇಡ, ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಯಾಂತ್ರಿಕ ಕೆಡುಕು ಸೇರುವುದಿಲ್ಲ.

ಕೊನೆಗೆ ನಮ್ಮ ಕಸುಬಿನವರಿಗೂ ಗ್ರಾಹಕರಿಗೂ ಒಂದು ಮಾತು. ಈ ಎಲ್ಲ ಪರೀಕ್ಷೆಗಳಿಗೆ ಹೊತ್ತು ಬೇಕು. ಗಾಳಿ ತೆಗೆಯಲು, ಆರಲು, ಮತ್ತೆ ಓಡಿಸಿ ನೋಡಲು ಅರ್ಧ ದಿನ ಹೋಗಬಹುದು. ಆದರೆ "ನೋಡೋದಕ್ಕೆಲ್ಲಾ ದುಡ್ಡಾ? ಏನಾದ್ರೂ ಬದಲಾಯಿಸಿದ್ರೆ ಕೊಡ್ತೀನಿ" ಅನ್ನುವವರೇ ಜಾಸ್ತಿ. ಹಾಗಂದಾಗ ಮೆಕ್ಯಾನಿಕ್ ಏನು ಮಾಡುತ್ತಾನೆ? ಏನಾದರೂ ಬದಲಾಯಿಸುತ್ತಾನೆ. ಆ ದುಡ್ಡಿನ ಮುಂದೆ ಪರೀಕ್ಷೆಯ ಕೂಲಿ ಏನೂ ಅಲ್ಲ. ಕೂಲಿ ಕೊಡಿ, ಬದಲಿಗೆ ಲೆಕ್ಕ ಕೇಳಿ. ಗ್ಯಾರೇಜಿನವರೂ ಥರ್ಮೋಸ್ಟಾಟ್ ಹಾಕಿದ ಬಿಲ್ಲಿನಲ್ಲಿ ಇಷ್ಟು ಬರೆದುಕೊಡಲಿ: ಹಾಕಿದ ಥರ್ಮೋಸ್ಟಾಟ್ ಎಷ್ಟು ಡಿಗ್ರಿಯದ್ದು, ಇಳಿಸಿದ ಕೂಲೆಂಟ್ ಎಷ್ಟು, ತುಂಬಿದ್ದು ಎಷ್ಟು, ಗಾಳಿ ತೆಗೆದ ಮೇಲೆ ಫ್ಯಾನ್ ಎಷ್ಟು ಡಿಗ್ರಿಗೆ ಬಂತು, ಮುಚ್ಚಳ ಪರೀಕ್ಷೆ ಮಾಡಿದ್ದೇವೋ ಇಲ್ಲವೋ. ನಾಲ್ಕು ಸಾಲು ಸಾಕು. ಮುಂದೆ ಘಾಟಿಯಲ್ಲಿ ಗಾಡಿ ನಿಂತರೆ, ಅದನ್ನು ನೋಡುವ ನನ್ನಂಥವನು ಆ ನಾಲ್ಕು ಸಾಲು ಓದಿ ಎಲ್ಲಿಂದ ಶುರುಮಾಡಬೇಕು ಅಂತ ತಿಳಿದುಕೊಳ್ಳುತ್ತಾನೆ. ಐ.ಟಿ.ಐ.ಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುವ ಹುಡುಗರಿಗೂ ಬಿಚ್ಚಿ ಜೋಡಿಸುವುದರ ಜೊತೆಗೆ ಹೀಗೆ ಬರೆದುಕೊಡುವ ಅಭ್ಯಾಸವನ್ನು ಮೇಷ್ಟ್ರುಗಳು ಮಾಡಿಸಬೇಕು ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಸಕಲೇಶಪುರದ ಒಬ್ಬ ಕಾರ್ ಮೆಕ್ಯಾನಿಕ್